ಇನ್‌ಸ್ಪೆಕ್ಷನ್ ದಿನದ ಪ್ರೊಫೆಸರ್

ವರ್ಷಕ್ಕೆ ಒಂದು ದಿನ ನಾನು ಪ್ರೊಫೆಸರ್ ಆಗಿದ್ದೆ. ಉಳಿದ ದಿನ ಬಾಟಲಿ ತೊಳೆಯುತ್ತಿದ್ದೆ.

ಹೀಗಂದರೆ ಕೆಲವರು ನಗುತ್ತಾರೆ. ಮಾತಿನ ಚಮತ್ಕಾರ ಅಂದುಕೊಳ್ಳುತ್ತಾರೆ. ಚಮತ್ಕಾರ ಮಾಡುವಷ್ಟು ಪುರಸೊತ್ತು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಹೆಸರು ಕಾವ್ಯಾ. ನಾವು ಮಾದಿಗರು. ಅಪ್ಪ ಶಾಂತಪ್ಪ ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು, ಜೀಡಿಮೆಟ್ಲಾದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಡ್ರಮ್ ತೊಳೆದ. ಅವನಿಗೆ ಈಗ ಯಾವ ವಾಸನೆಯೂ ತಿಳಿಯುವುದಿಲ್ಲ. ಒಲೆಯ ಮೇಲೆ ಸಾರು ಸೀದು ಹೋದರೂ ಪಕ್ಕದಲ್ಲೇ ಕೂತಿರುತ್ತಾನೆ. ಯಾವ ರಸಾಯನ ಅಪ್ಪನ ಮೂಗು ತಿಂದಿತು ಎಂದು ತಿಳಿಯುವ ಹಟಕ್ಕೆ ನಾನು ಕೆಮಿಸ್ಟ್ರಿ ಓದಿದೆ. ಪಿಎಚ್‌.ಡಿ. ಮಾಡಿದೆ. ಯಾವುದೆಂದು ತಿಳಿಯಿತು. ತಿಳಿದು ಏನೂ ಆಗಲಿಲ್ಲ.

ಈ ಊರಿನಲ್ಲಿ ಪ್ರೊಫೆಸರ್ ಎಂಬ ಪದಕ್ಕೆ ಬರವಿಲ್ಲ. ಅಮೀರ್‌ಪೇಟ್‌ನಲ್ಲಿ ಇಳಿದರೆ ಕೋಚಿಂಗ್ ಸೆಂಟರಿನ ಬ್ಯಾನರುಗಳಲ್ಲಿ ಕಂಬಕ್ಕೊಬ್ಬ ಪ್ರೊಫೆಸರ್ ನೇತಾಡುತ್ತಿರುತ್ತಾನೆ. ಮೊನ್ನೆ ಮೊನ್ನೆ ಡಿಗ್ರಿ ಮುಗಿಸಿದ ಹುಡುಗ, ಕೋಟು ಹಾಕಿ ಕೈಕಟ್ಟಿ ನಿಂತ ಫೋಟೊ, ಹೆಸರಿನ ಮುಂದೆ ‘ಪ್ರೊ.’. ನಾರಾಯಣಗೂಡದ ಚಹಾದವನು ಕನ್ನಡಕ ಹಾಕಿದವರನ್ನೆಲ್ಲ ‘ಪ್ರೊಫೆಸರ್ ಸಾಬ್’ ಅನ್ನುತ್ತಾನೆ. ನಿಯಮದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಮೆಟ್ಟಿಲುಗಳಿವೆ. ಮೊದಲು ಅಸಿಸ್ಟೆಂಟ್ ಪ್ರೊಫೆಸರ್, ಆಮೇಲೆ ಅಸೋಸಿಯೇಟ್, ಪಿಎಚ್‌.ಡಿ. ಇರಬೇಕು, ವರ್ಷಗಟ್ಟಲೆ ಪಾಠ ಮಾಡಿರಬೇಕು, ಸಂಶೋಧನೆ ಮಾಡಿರಬೇಕು. ಕೊನೆಗೆ ಪ್ರೊಫೆಸರ್.

ನಮ್ಮ ಪ್ರಿನ್ಸಿಪಾಲ್ ಸುಬ್ಬರಾಯರು ಆ ಮೆಟ್ಟಿಲು ಹತ್ತಿದವರಲ್ಲ. ಎಂ.ಎಸ್ಸಿ. ಮುಗಿಸಿ ಸೀದಾ ಕುರ್ಚಿಗೆ ಬಂದವರು. ಆದರೂ ಅವರ ಕಾರಿನ ಗಾಜಿನ ಮೇಲೆ ಪ್ರೊಫೆಸರ್, ಮನೆಯ ಗೇಟಿನ ಮೇಲೆ ಪ್ರೊಫೆಸರ್, ಮಗಳ ಲಗ್ನಪತ್ರಿಕೆಯಲ್ಲೂ ಪ್ರೊಫೆಸರ್. ಅವರನ್ನು ಯಾರೂ ಯಾವ ಕಾಗದವನ್ನೂ ಕೇಳಿಲ್ಲ.

ಆರು ವರ್ಷದ ಹಿಂದೆ ನಾನು ನಾರಾಯಣಗೂಡದ ಆ ಖಾಸಗಿ ಕಾಲೇಜಿಗೆ ಕೆಲಸ ಕೇಳಿಕೊಂಡು ಹೋದಾಗ ಸುಬ್ಬರಾಯರಿಗೆ ಖುಷಿಯಾಯಿತು. ಅವರ ತಂದೆ ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆಂದು ಮೈಸೂರಿನಿಂದ ಇಲ್ಲಿಗೆ ಬಂದವರು. ‘ನಾವು ನಾವು ಕನ್ನಡದವರು’ ಅಂದರು. ಊರು ಕೇಳಿದರು. ಅಪ್ಪನ ಕೆಲಸ ಕೇಳಿದರು. ಜಾತಿ ಸರ್ಟಿಫಿಕೇಟ್ ನೋಡಿದರು. ಆಮೇಲೆ ‘ನೀವು’ ಹೋಗಿ ‘ನೀನು’ ಬಂತು.

ಹಾಜರಿ ಪುಸ್ತಕದಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಮಾಡುತ್ತಿದ್ದದ್ದು ಎಂ.ಎಸ್ಸಿ. ಮಕ್ಕಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಪಾಠ, ದಿನಕ್ಕೆ ನಾಲ್ಕು ತಾಸು. ಎರಡನೇ ವರ್ಷ ಲ್ಯಾಬಿನ ಅಟೆಂಡರ್ ಪರಮೇಶ ಬಿಟ್ಟು ಹೋದ. ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

‘ಸ್ವಲ್ಪ ದಿನ ನೀನೇ ನೋಡ್ಕೊ. ನಿಮ್ಮವರಿಗೆ ಕೈಕೆಲಸ ಅಂದ್ರೆ ಅಂಥಾ ಕಷ್ಟ ಏನಿಲ್ಲ’ ಅಂದರು ಸುಬ್ಬರಾಯರು.

ಸ್ವಲ್ಪ ದಿನ ಅಂದದ್ದು ನಾಲ್ಕು ವರ್ಷವಾಯಿತು. ಪಾಠ ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿಂಕಿನ ಮುಂದೆ ನಿಲ್ಲುತ್ತಿದ್ದೆ. ಫ್ಲಾಸ್ಕು, ಬ್ಯುರೆಟ್ಟು, ಪಿಪೆಟ್ಟು. ಸೋಪಿಗೆ ಬಿಡದ ಕೊಳೆಗೆ ಕ್ರೋಮಿಕ್ ಆಸಿಡ್. ಗ್ಲೌಸ್ ಕೇಳಿದೆ. ಒಂದು ಜೊತೆ ಕೊಟ್ಟರು. ಅದು ಹರಿಯಿತು. ಮತ್ತೆ ಕೇಳಿದೆ. ಕೊಡಲಿಲ್ಲ. ಬೆರಳ ತುದಿ ಕಂದಿತು, ಉಗುರು ಹಳದಿಯಾಯಿತು, ಚರ್ಮ ಸುಲಿದು ಮತ್ತೆ ಬಂದು ಮತ್ತೆ ಸುಲಿಯಿತು. ಅಪ್ಪನ ಕೈ ನನಗೆ ಬಂತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನೀರು ಕುಡಿಯಲು ಹೋದರೆ ನನ್ನ ಲೋಟ ಕಿಟಕಿಯ ಮೇಲಿರುತ್ತಿತ್ತು. ಉಳಿದವು ಟ್ರೇಯಲ್ಲಿ. ಯಾರು ಹಾಗಿಟ್ಟರು ಎಂದು ಕೇಳಿದರೆ ಎಲ್ಲರೂ ಪಾಪ, ತಮಗೆ ಗೊತ್ತಿಲ್ಲ ಅನ್ನುವವರೇ.

ಒಮ್ಮೆ ಲಹರಿ ಎಂಬ ವಿದ್ಯಾರ್ಥಿನಿ ವರಾಂಡದಲ್ಲಿ ನನ್ನನ್ನು ‘ಪ್ರೊಫೆಸರ್ ಕಾವ್ಯಾ ಮೇಡಂ’ ಅಂತ ಕೂಗಿದಳು. ಸುಬ್ಬರಾಯರು ಅಲ್ಲೇ ಬರುತ್ತಿದ್ದರು. ನಿಂತರು.

‘ಪ್ರೊಫೆಸರ್ ಅಲ್ಲಮ್ಮ, ಲ್ಯಾಬ್ ಮೇಡಂ. ಯಾರನ್ನ ಏನಂತ ಕರೀಬೇಕು ಅಂತ ಈ ವಯಸ್ಸಲ್ಲಿ ಕಲೀದೆ ಇನ್ಯಾವಾಗ ಕಲೀತೀಯ?’

ಹುಡುಗಿ ತಲೆ ತಗ್ಗಿಸಿದಳು. ನಾನು ಬಕೆಟ್ ಎತ್ತಿಕೊಂಡು ಲ್ಯಾಬಿಗೆ ಹೋದೆ. ಅವತ್ತು ಮೂರು ಫ್ಲಾಸ್ಕ್ ಒಡೆದೆ. ಜಾರಿ ಒಡೆದವು ಅಂತ ಬರೆದುಕೊಟ್ಟೆ. ಜಾರಿರಲಿಲ್ಲ.

ಇನ್ನು ಇನ್‌ಸ್ಪೆಕ್ಷನ್ ಸಂಗತಿ. ಎಂ.ಎಸ್ಸಿ. ಕೋರ್ಸು ನಡೆಸಬೇಕಾದರೆ ಪಿಎಚ್‌.ಡಿ. ಆದ ಪ್ರೊಫೆಸರ್ ಒಬ್ಬರಾದರೂ ಇರಬೇಕು. ಅದನ್ನು ನೋಡಲು ಯೂನಿವರ್ಸಿಟಿಯ ಕಮಿಟಿ ವರ್ಷಕ್ಕೊಮ್ಮೆ ಬರುತ್ತದೆ. ನಮ್ಮ ಕಾಲೇಜಿನ ಬಾಗಿಲುಗಳ ಮೇಲೆ ಅಲ್ಯೂಮಿನಿಯಂ ಚೌಕಟ್ಟುಗಳಿವೆ. ವರ್ಷವಿಡೀ ಖಾಲಿ. ಕಮಿಟಿ ಬರುವ ದಿನ ಮುಂಜಾನೆ ಅವುಗಳೊಳಗೆ ಹೆಸರಿನ ಫಲಕಗಳನ್ನು ಜಾರಿಸುತ್ತಾರೆ. ಸಂಜೆ ಹೊರಗೆಳೆದು ಗೋಣಿಚೀಲಕ್ಕೆ ತುಂಬುತ್ತಾರೆ. ಇಪ್ಪತ್ತೊಂದು ಫಲಕ. ಅದರಲ್ಲಿ ಹದಿನಾಲ್ಕು ಮಂದಿಯನ್ನು ನಾನು ಆ ಒಂದು ದಿನ ಬಿಟ್ಟು ಬೇರೆ ದಿನ ನೋಡಿಲ್ಲ. ಬಾಡಿಗೆ ಕಾರಿನಲ್ಲಿ ಬರುವ ಬಾಡಿಗೆ ಡಾಕ್ಟರೇಟುಗಳು.

ಐದು ವರ್ಷ ನಾನೂ ಅಂಥ ಫಲಕದ ಕೆಳಗೆ ಕೂತೆ. ಸುಳ್ಳು ಯಾಕೆ, ಮೊದಲ ವರ್ಷ ಖುಷಿಯೂ ಆಗಿತ್ತು. ಫೋಟೊ ತೆಗೆದು ಅಪ್ಪನಿಗೆ ತೋರಿಸಿದ್ದೆ. ಅಪ್ಪ ಅದನ್ನು ಓಣಿಗೆಲ್ಲ ತೋರಿಸಿದ. ಅಂದಿನಿಂದ ಓಣಿಯಲ್ಲಿ ನಾನು ಪ್ರೊಫೆಸರಮ್ಮ. ಆ ಹೆಸರು ಕೇಳಿದಾಗಲೆಲ್ಲ ಹೆಜ್ಜೆ ಜೋರು ಮಾಡುತ್ತಿದ್ದೆ. ಅದು ಸುಳ್ಳು ಅಂತ ಅಪ್ಪನಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಈ ವರ್ಷ ಸರ್ಕಾರಿ ಡಿಗ್ರಿ ಕಾಲೇಜಿನ ಹುದ್ದೆಗೆ ಬರೆದಿದ್ದ ಪರೀಕ್ಷೆಯಲ್ಲಿ ನನ್ನ ಹೆಸರು ಬಂತು. ಗುರುವಾರ ಸರ್ಟಿಫಿಕೇಟ್ ಪರಿಶೀಲನೆ. ಮೂಲ ಪ್ರತಿ ತಾರದವರನ್ನು ಪಟ್ಟಿಯಿಂದ ತೆಗೆಯುತ್ತೇವೆ ಅಂತ ದಪ್ಪ ಅಕ್ಷರದಲ್ಲಿತ್ತು. ನನ್ನ ಮೂಲ ಪ್ರತಿಗಳೆಲ್ಲ, ಹತ್ತನೇ ತರಗತಿಯಿಂದ ಪಿಎಚ್‌.ಡಿ.ವರೆಗೆ, ಜಾತಿ ಸರ್ಟಿಫಿಕೇಟೂ ಸೇರಿ, ಕೆಲಸಕ್ಕೆ ಸೇರಿದ ದಿನದಿಂದ ಕಾಲೇಜಿನ ಅಲಮಾರಿಯಲ್ಲಿದ್ದವು. ಇಲ್ಲಿ ಹಾಗೇ ಪದ್ಧತಿ. ಬಿಟ್ಟು ಹೋಗಬಾರದೆಂದು ಕಾಗದ ಕಟ್ಟಿಹಾಕುತ್ತಾರೆ. ಮೂರು ವಾರ ಕೇಳಿದೆ. ಅಲಮಾರಿಯ ಕೀಲಿ ಕಾಲೇಜಿನ ಮಾಲೀಕ ಕರೆಸ್ಪಾಂಡೆಂಟ್ ಹತ್ತಿರ.

‘ಮಂಗಳವಾರ ಇನ್‌ಸ್ಪೆಕ್ಷನ್ ಮುಗೀಲಿ. ಬುಧವಾರ ನಾನೇ ಕೊಡಿಸ್ತೀನಿ’ ಅಂದರು ಸುಬ್ಬರಾಯರು.

ಮಂಗಳವಾರ ಏಳು ಗಂಟೆಗೆ ಹೋದೆ. ಕಸ ಗುಡಿಸುವ ಗದಿಗೆಮ್ಮ ಗೋಣಿಚೀಲ ಬಿಚ್ಚಿಕೊಂಡು ವರಾಂಡದಲ್ಲಿ ಕೂತಿದ್ದಳು. ರಾಯಚೂರು ಕಡೆಯವಳು. ಓದು ಬರದು. ಪ್ರತಿ ಫಲಕದ ಬೆನ್ನಿಗೆ ಉಗುರುಬಣ್ಣದಿಂದ ಚುಕ್ಕಿ ಇಟ್ಟಿದ್ದಾಳೆ. ಎಷ್ಟು ಚುಕ್ಕಿಯೋ ಅಷ್ಟನೇ ಬಾಗಿಲು.

‘ಬಾರವ್ವ, ನೀ ಮೂರು ಚುಕ್ಕಿ’ ಅಂದಳು.

‘ಈ ಏಳು ಚುಕ್ಕಿಯವ್ರು ಯಾರಬೇ?’

‘ಯಾರಿಗ್ಗೊತ್ತು. ಹೋದ ವರ್ಷ ಕಾರಿನ್ಯಾಗ ಬಂದು ಬಿರಿಯಾನಿ ತಿಂದು ಹೋದ್ರು.’ ಫಲಕ ಒರೆಸುತ್ತ ಕೇಳಿದಳು: ‘ನಿನ್ನ ಕಾಗದ ಕೊಟ್ರೇನು?’

‘ನಾಳಿ ಕೊಡ್ತಾರಂತ.’

‘ಹೋದ ವರ್ಷ ಬಿಟ್ಟು ಹೊಂಟಿದ್ದ ರವಿಕಿರಣ ಸರ್‌ಗೂ ನಾಳಿ ಅಂತನ ಹೇಳಿದ್ರು. ಎಂಟು ತಿಂಗಳ ಅಡ್ಡಾಡ್ಸಿದ್ರು. ಆಫೀಸ್ ಮುಂದ ನಿಂತು ಅಳಾಕತ್ತಿದ್ರು. ನಾನ ನೋಡೀನಿ. ಅವ್ರಿಗೆ ಸಿಕ್ಕಿದ್ದ ಹೊಸಾ ನೌಕರಿ ಹೋತು.’

ನಾನೇ ನನ್ನ ಫಲಕ ಎತ್ತಿಕೊಂಡು ಹೋಗಿ ಮೂರನೇ ಬಾಗಿಲ ಚೌಕಟ್ಟಿಗೆ ಜಾರಿಸಿದೆ.

ಒಂಬತ್ತಕ್ಕೆ ಸುಬ್ಬರಾಯರು ಬಂದರು. ರೇಷ್ಮೆ ಪಂಚೆ, ಸೆಂಟಿನ ವಾಸನೆ. ‘ಬನ್ನಿ ಕಾವ್ಯಾ ಅವರೇ, ಕೂತ್ಕೊಳ್ಳಿ’ ಅಂದರು. ವರ್ಷಕ್ಕೊಂದು ದಿನ ಬರುವ ಬಹುವಚನ. ‘ಈ ಸಲ ಹೊಸ ನಿಯಮ. ಮನುಷ್ಯರೂ ಮೂಲ ಪ್ರತಿಗಳೂ ಒಟ್ಟಿಗೆ ಮೇಜಿನ ಮುಂದೆ ಇರಬೇಕಂತೆ. ಕೇಳಿದ್ದಕ್ಕೆ ಹೌದು ಸಾರ್ ಅಂದ್ರೆ ಸಾಕು.’ ಆಮೇಲೆ ನನ್ನ ಕೈ ನೋಡಿದರು. ಮುಖ ಹುಳ್ಳಗಾಯಿತು. ‘ಕೈ ಮಾತ್ರ ಮೇಜಿನ ಕೆಳಗಿಟ್ಕೊಳ್ಳಿ. ಸೆರಗು ಮುಚ್ಕೊಂಡ್ರೆ ಇನ್ನೂ ಒಳ್ಳೇದು.’

ಕಮಿಟಿ ಕರೆಸ್ಪಾಂಡೆಂಟ್ ಕೋಣೆಯಲ್ಲಿ ಕೂತಿತ್ತು. ಮೂರು ಜನ, ಮೂರೂ ಕೊರಳಿಗೆ ಶಾಲು. ನಡುವೆ ಅಧ್ಯಕ್ಷರು. ತಲೆ ಪೂರ್ತಿ ಬೆಳ್ಳಗಾದವರು, ನಲವತ್ತು ವರ್ಷ ಪಾಠ ಮಾಡಿ ಮೆಟ್ಟಿಲು ಹತ್ತಿ ಪ್ರೊಫೆಸರ್ ಆದವರು. ನನ್ನ ಸರದಿ ಬಂತು. ಕ್ಲಾರ್ಕ್ ನೀಲಿ ಫೈಲು ತಂದು ಅವರ ಮುಂದಿಟ್ಟ. ಆರು ವರ್ಷದ ಮೇಲೆ ನನ್ನ ಪಿಎಚ್‌.ಡಿ. ಸರ್ಟಿಫಿಕೇಟ್ ನೋಡಿದೆ. ಒಂದು ಮೂಲೆ ಮಡಚಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಕೈ ಮೇಜಿನ ಕೆಳಗಿತ್ತು.

‘ಸಾಯಂಕಾಲ ಎಲ್ಲಾ ಫೈಲು ವಾಪಸ್ ಅಲಮಾರಿಗೆ. ಈ ವರ್ಷ ಮುಗಿಯೋವರೆಗೂ ಯಾರಿಗೂ ಕೊಡಬೇಡ’ ಅಂತ ಕರೆಸ್ಪಾಂಡೆಂಟ್ ಕ್ಲಾರ್ಕಿಗೆ ತೆಲುಗಿನಲ್ಲಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಸುಬ್ಬರಾಯರಿಗೂ ಕೇಳಿಸಿತು. ಅವರು ಗೋಡೆಯ ಗಡಿಯಾರ ನೋಡಿದರು.

ಅಧ್ಯಕ್ಷರು ಫೈಲಿನಿಂದ ಒಂದು ಹಾಳೆ ಮೇಲೆತ್ತಿದರು. ‘ಪ್ರೊಫೆಸರ್ ಕಾವ್ಯಾ. ಆರು ವರ್ಷದಿಂದ ಇಲ್ಲಿ ಪ್ರೊಫೆಸರ್. ಹೌದೇನಮ್ಮ?’

ನನಗೆ ಮಾತು ತಿಳಿಯಲಿಲ್ಲ. ‘ಯಾವಾಗಿನಿಂದ ಸಾರ್?’ ಅಂದೆ.

ಅವರು ಹಾಳೆ ತಿರುಗಿಸಿ ತೋರಿಸಿದರು. ನೇಮಕದ ಆದೇಶ. ಆರು ವರ್ಷದ ಹಿಂದಿನ ತಾರೀಖು. ‘ಪ್ರೊಫೆಸರ್ ಹುದ್ದೆಗೆ ನೇಮಿಸಲಾಗಿದೆ.’ ಕೆಳಗೆ ನನ್ನ ಸಹಿ, ಇಂಗ್ಲಿಷಿನಲ್ಲಿ, ದುಂಡಗೆ. ನಾನು ಜೀವನದಲ್ಲಿ ಇಂಗ್ಲಿಷಿನಲ್ಲಿ ಸಹಿ ಮಾಡಿಲ್ಲ. ಅಪ್ಪನಿಗೆ ಓದಲು ಬರುವುದು ಕನ್ನಡ ಮಾತ್ರ. ಮಗಳ ಸಹಿ ಅವನಿಗೆ ತಿಳಿಯಬೇಕು ಅಂತ ಎಲ್ಲ ಕಡೆ ಕನ್ನಡದಲ್ಲೇ ಹಾಕುತ್ತೇನೆ. ಬ್ಯಾಂಕಿನಲ್ಲಿ ಜಗಳವಾಡಿ ಹಾಕುತ್ತೇನೆ.

ಐದು ವರ್ಷ ನಾನು ಅಂದುಕೊಂಡಿದ್ದೆ, ಇದು ಒಂದು ದಿನದ ನಾಟಕ, ಉಳಿದ ದಿನ ನಾನು ಲ್ಯಾಬ್ ಮೇಡಂ ಅಂತ. ಹಾಗಲ್ಲ. ಮೊದಲ ದಿನದಿಂದಲೇ ಅವರ ಕಾಗದದಲ್ಲಿ ನಾನು ಪ್ರೊಫೆಸರ್. ಅವರು ಲಹರಿಯನ್ನು ಬೈದ ದಿನವೂ ನಾನು ಪ್ರೊಫೆಸರ್. ಲೋಟ ಕಿಟಕಿಯ ಮೇಲೆ ಇದ್ದಾಗಲೂ ಪ್ರೊಫೆಸರ್. ಆಸಿಡ್ಡಿನಲ್ಲಿ ಕೈ ಅದ್ದಿದಾಗಲೂ ಪ್ರೊಫೆಸರ್. ಹೆಸರು ಅವರಿಗೆ ಬೇಕಿತ್ತು. ನಾನು ಬೇಕಿರಲಿಲ್ಲ.

ಕೈ ಮೇಲೆ ತೆಗೆದೆ. ಮೇಜಿನ ಮೇಲಿಟ್ಟೆ.

ಅಧ್ಯಕ್ಷರು ನೋಡಿದರು. ‘ಏನಮ್ಮ ಇದು ಕೈಗೆ?’

‘ಬಾಟಲಿ ತೊಳೆದದ್ದು ಸಾರ್. ನಾನು ಇಲ್ಲಿ ಪ್ರೊಫೆಸರ್ ಅಲ್ಲ. ಈ ಸಹಿ ನನ್ನದಲ್ಲ. ಬಾಗಿಲ ಮೇಲಿನ ಹೆಸರು ಮುಂಜಾನೆ ಏಳಕ್ಕೆ ಬಂದದ್ದು, ಸಂಜೆ ಚೀಲಕ್ಕೆ ಹೋಗುತ್ತದೆ. ಚೀಲ ವರಾಂಡದಲ್ಲೇ ಇದೆ, ಹೋಗಿ ನೋಡಿ.’

ಯಾರೂ ಏಳಲಿಲ್ಲ. ಕರೆಸ್ಪಾಂಡೆಂಟ್ ನಕ್ಕ. ‘ಮೇಡಂಗೆ ಹುಷಾರಿಲ್ಲ ಸಾರ್’ ಅಂದ. ಅಧ್ಯಕ್ಷರು ನನ್ನ ಕೈಯಿಂದ ಕಣ್ಣು ತೆಗೆದು ಶಾಲು ಸರಿಮಾಡಿಕೊಂಡರು. ಅವರಿಗೆ ಎಲ್ಲ ಗೊತ್ತಿತ್ತು. ಅದು ಅವರ ಮುಖದಲ್ಲೇ ಇತ್ತು. ಹಾಳೆಯನ್ನು ವಾಪಸ್ ಫೈಲಿಗೆ ಹಾಕಿ ‘ನೆಕ್ಸ್ಟ್’ ಅಂದರು.

ಹತ್ತಾರು ವರ್ಷ ಕಷ್ಟಪಟ್ಟು ಮೇಲೇರಿದ ಮನುಷ್ಯ ಮೇಲಿಂದ ಹೇಳಿದ ಮಾತು ಅದೊಂದೇ. ನಿಜವಾದ ಪ್ರೊಫೆಸರ್ ಅವರು. ಕರೆಸ್ಪಾಂಡೆಂಟ್ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಅವರ ಮೇಲೆ ಬಂತು.

ನಾನು ಎದ್ದೆ. ನೀಲಿ ಫೈಲು ಮುಚ್ಚಿದೆ. ಎತ್ತಿಕೊಂಡೆ.

‘ಫೈಲು ಇಡು’ ಅಂದ ಕರೆಸ್ಪಾಂಡೆಂಟ್.

‘ಇಡಲ್ಲ.’

‘ಕಾವ್ಯಾ, ಏನಿದು? ಇಡಮ್ಮ’ ಅಂದರು ಸುಬ್ಬರಾಯರು. ಬಹುವಚನ ಸಂಜೆಯವರೆಗೂ ಬಾಳಲಿಲ್ಲ.

‘ನನ್ನ ಕಾಗದ ನನ್ನವು. ಗುರುವಾರ ಬೇಕು. ಮೂರು ವಾರ ಕೇಳೀನಿ. ಇನ್ನ ಕೇಳಂಗಿಲ್ಲ’ ಅಂದೆ, ಮನೆಯಲ್ಲಿ ಆಡುವ ಮಾತಿನಲ್ಲೇ. ಆ ಕೋಣೆಯಲ್ಲಿ ಆರು ವರ್ಷದಲ್ಲಿ ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಓಡಬಾರದು ಅಂತ ನಿಧಾನವಾಗಿ ಮೆಟ್ಟಿಲಿಳಿದೆ. ನಾನು ಗೇಟು ಮುಟ್ಟುವಷ್ಟರಲ್ಲಿ ವಾಚ್‌ಮನ್‌ಗೆ ಫೋನು ಬಂದಿತ್ತು. ಅವನು ಚಿಲಕ ಹಾಕಿ ಅಡ್ಡ ನಿಂತ. ಗದಿಗೆಮ್ಮ ಕಸಬರಿಗೆ ಹಿಡಿದು ಬಂದಳು. ಅವನನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿದಳು.

‘ಆಕಿ ಕಾಗದ ಆಕಿ ಒಯ್ಯಾಕತ್ತಾಳ. ನಿಮ್ಮಪ್ಪನ ಗಂಟೇನು ಹೋಗಾಕತ್ತೈತಿ?’ ಅಂತ ಚಿಲಕ ತೆಗೆದಳು. ನನ್ನ ಕಡೆ ತಿರುಗಿ, ‘ನಡಿ, ನಿಂದ್ರಬ್ಯಾಡ’ ಅಂದಳು.

ಅವತ್ತೇ ಸಂಜೆ ಸುಬ್ಬರಾಯರು ಜೀಡಿಮೆಟ್ಲಾದ ನಮ್ಮ ಮನೆಗೆ ಬಂದರು. ಆರು ವರ್ಷದಲ್ಲಿ ಮೊದಲ ಸಲ. ಒಳಗೆ ಬರಲಿಲ್ಲ. ಹೊಸ್ತಿಲಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕೊಟ್ಟ ನೀರು ಕೆಳಗಿಟ್ಟರು. ಪೇಪರಿನಲ್ಲಿ ಸುತ್ತಿ ತಂದದ್ದನ್ನು ಬಿಚ್ಚಿದರು. ನನ್ನ ಫಲಕ.

‘ಬೇಕಾದ್ರೆ ಇದನ್ನ ಖಾಯಂ ಹಾಕಿಸ್ತೀವಿ. ಬೇಡ, ಹೋಗ್ತೀನಿ ಅಂದ್ರೆ ಹೋಗು. ಆ ನೇಮಕದ ಆದೇಶ ನಿನ್ನ ಫೈಲಲ್ಲೇ ಇದೆಯಲ್ಲ, ಅದನ್ನೂ ಇಟ್ಕೊ. ಗುರುವಾರ ತೋರಿಸು. ಆರು ವರ್ಷ ಪ್ರೊಫೆಸರ್ ಅಂದ್ರೆ ಅನುಭವದ ಅಂಕ ಪೂರ್ತಿ ಸಿಗುತ್ತೆ. ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ ಹೌದು ಅಂತೀನಿ. ನೀನು ಎಲ್ಲೂ ದೂರು ಕೊಡಬೇಡ, ಅಷ್ಟೇ. ನಾವು ನಾವು ಕನ್ನಡದವರು.’

‘ಲ್ಯಾಬ್ ಇನ್‌ಸ್ಟ್ರಕ್ಟರ್ ಅಂತ ಖರೇ ಇದ್ದದ್ದ ಬರ್ಕೊಡ್ರಿ. ಪಾಠ ಮಾಡೀನಿ ಅಂತ ಬರ್ಕೊಡ್ರಿ. ಸಾಕು’ ಅಂದೆ.

‘ಅದು ಹೇಗಾಗುತ್ತೆ? ಅದನ್ನ ಬರೆದ್ರೆ ಇದು ಸುಳ್ಳಾಗುತ್ತಲ್ಲ.’

ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಓಣಿಗೆಲ್ಲ ತೋರಿಸಿದ ಫೋಟೊ ಸುಳ್ಳು ಅಂತ ಅವನಿಗೆ ಗೊತ್ತಾದದ್ದು ಹಾಗೆ. ನಾನು ಅವನ ಮುಖ ನೋಡಲಿಲ್ಲ. ಅವನು ಮುಂದೆ ಬಂದು ಫಲಕ ಎತ್ತಿಕೊಂಡ. ತಿರುಗಿಸಿ ಬೆನ್ನು ನೋಡಿದ. ಮೂರು ಚುಕ್ಕಿ.

‘ನಮ್ಮ ಕಂಪನಿಗೂ ಇನ್‌ಸ್ಪೆಕ್ಷನ್ ಬರತಿತ್ರಿ ಸಾಹೇಬ್ರ’ ಅಂದ. ‘ಮುಂಜಾನೆ ಡ್ರಮ್ಮಿನ ಮ್ಯಾಲಿನ ಚೀಟಿ ಕಿತ್ತು ಬ್ಯಾರೆ ಚೀಟಿ ಹಚ್ಚಾಕ ನನಗ ಹೇಳತಿದ್ರು. ಹಚ್ಚೀನ್ರಿ. ಇಪ್ಪತ್ತೆರಡು ವರ್ಷ ಹಚ್ಚೀನಿ. ಒಂದ ಸಲನಾದ್ರೂ ಒಲ್ಲೆ ಅನ್ನಬೇಕಾಗಿತ್ತು. ಅನ್ಲಿಲ್ಲ.’ ಫಲಕವನ್ನು ಅವರ ತೊಡೆಯ ಮೇಲಿಟ್ಟ. ‘ಇದನ್ನ ತಗೊಂಡು ಹೋಗ್ರಿ. ಆಕಿ ಒಲ್ಲೆ ಅಂದಾಳ.’

ಸುಬ್ಬರಾಯರು ಫಲಕ ಹಿಡಿದು ಎದ್ದರು. ಸುತ್ತಿ ತಂದ ಪೇಪರು ಅಲ್ಲೇ ಬಿತ್ತು. ಓಣಿಯ ಕೊನೆಯವರೆಗೂ ನನ್ನ ಹೆಸರು ಎಲ್ಲರಿಗೂ ಕಾಣುವ ಹಾಗೆ ಅವರ ಕಂಕುಳಲ್ಲಿತ್ತು.

ಬುಧವಾರ ಯೂನಿವರ್ಸಿಟಿಗೆ ಹೋಗಿ ಆದೇಶದ ನಕಲು ಜೋಡಿಸಿ ದೂರು ಕೊಟ್ಟೆ. ಯಾರು ವಿಚಾರಣೆ ಮಾಡುತ್ತಾರೆ ಅಂತ ಕೇಳಿದೆ. ಇನ್‌ಸ್ಪೆಕ್ಷನ್ ಕಮಿಟಿಯ ಅಧ್ಯಕ್ಷರೇ ಅಂದರು. ಮಧ್ಯಾಹ್ನ ಗದಿಗೆಮ್ಮ ಫೋನು ಮಾಡಿದಳು. ಅವಳನ್ನು ಕೆಲಸದಿಂದ ತೆಗೆದಿದ್ದರು. ನನಗೆ ಅಳು ಬಂತು. ಅವಳು ಅಳುತ್ತಿರಲಿಲ್ಲ.

‘ಬರೋವಾಗ ಫಲಕದ ಹಿಂದಿನ ಚುಕ್ಕಿ ಎಲ್ಲಾ ಕೆರದು ಬಂದೀನವ್ವ. ಮುಂದಿನ ವರ್ಷ ಯಾವ ಬಾಗಲಾ ಯಾರದಂತ ಅವ್ರ ಹುಡುಕ್ಲಿ. ನನಗ ಬ್ಯಾರೆ ಕಡೆ ಕೆಲಸ ಸಿಗತೈತಿ. ಕಸ ಎಲ್ಲಾ ಕಡೆ ಐತಿ.’

ಗುರುವಾರ ಪರಿಶೀಲನೆಯ ಮೇಜಿನ ಮುಂದೆ ನಿಂತೆ. ಗುಮಾಸ್ತ ವಯಸ್ಸಾದವನು, ಒಳ್ಳೆಯವನು. ಮೂಲ ಪ್ರತಿ ಒಂದೊಂದೇ ನೋಡಿ ಗುರುತು ಹಾಕಿದ. ಎಲ್ಲ ಸರಿಯಿತ್ತು. ಫಾರಮ್ಮಿನಲ್ಲಿ ಬೋಧನಾನುಭವದ ಕಾಲಂ ಖಾಲಿ ಇತ್ತು.

‘ಅನುಭವ ಇಲ್ಲವಾ ಮೇಡಂ?’

‘ಆರು ವರ್ಷ ಇದೆ.’

‘ಪತ್ರ?’

‘ಇಲ್ಲ.’

ಅವನು ಫೈಲಿನ ಕೊನೆಯ ಹಾಳೆ ಎಳೆದ. ಓದಿದ. ಅವನ ಮುಖ ಅರಳಿತು. ‘ಇದೆಯಲ್ಲ ಮೇಡಂ, ಪ್ರೊಫೆಸರ್ ಅಂತಾನೇ ಇದೆ. ಇದನ್ನು ಜೋಡಿಸಿದರೆ ಪೂರ್ತಿ ಅಂಕ. ಇದಿಲ್ಲದಿದ್ದರೆ ಸೊನ್ನೆ. ಪಟ್ಟಿಯಲ್ಲಿ ನೀವು ಕೊನೆಯ ಸಾಲಿನಲ್ಲಿದ್ದೀರಿ, ಸೊನ್ನೆ ಬಂದರೆ ಜಾರುತ್ತೀರಿ.’

ಆಸೆ ಆಗಲಿಲ್ಲ ಅಂತ ಹೇಳುವುದಿಲ್ಲ. ಆ ಆರು ವರ್ಷ ನಾನು ಪಾಠ ಮಾಡಿದ್ದು ನಿಜ. ಆ ನಿಜಕ್ಕೆ ಕಾಗದವಿಲ್ಲ. ಕಾಗದ ಇದ್ದದ್ದು ಅವರ ಸುಳ್ಳಿಗೆ. ಅದನ್ನು ಹಿಡಿದು ಹೊಸ ಕಾಲೇಜಿಗೆ ಹೋದರೆ, ಅಲ್ಲೂ ನಾನು ಇನ್ಯಾರೋ ದುಂಡಗೆ ಸಹಿ ಮಾಡಿದ ಕಾವ್ಯಾ ಆಗಿರುತ್ತೇನೆ.

‘ಅದು ಸುಳ್ಳು ಆದೇಶ ಸಾರ್. ಜೋಡಿಸಬೇಡಿ’ ಅಂದೆ.

ಅವನು ಹಾಳೆ ಕೆಳಗಿಟ್ಟು ನನ್ನನ್ನು ನೋಡಿದ. ಹುಚ್ಚಿಯೇನೋ ಅಂದುಕೊಂಡಿರಬೇಕು. ‘ಕಾಲಂ ಖಾಲಿ ಬಿಡುವ ಹಾಗಿಲ್ಲಮ್ಮ. ಏನಾದರೂ ಬರೆಯಲೇಬೇಕು’ ಅಂತ ಫಾರಮ್ಮು ನನ್ನ ಕಡೆ ತಳ್ಳಿದ.

ಪೆನ್ನು ಹಿಡಿದೆ. ತೋರುಬೆರಳಿನ ಚರ್ಮ ಬಿರಿದಿತ್ತು, ಒತ್ತಿದರೆ ಉರಿಯುತ್ತಿತ್ತು. ಒತ್ತಿಯೇ ಇಂಗ್ಲಿಷಿನಲ್ಲಿ ಬರೆದೆ.

‘ಆರು ವರ್ಷ ಎಂ.ಎಸ್ಸಿ.ಗೆ ಪಾಠ ಮಾಡಿದ್ದೇನೆ. ನಾಲ್ಕು ವರ್ಷ ಅದೇ ಲ್ಯಾಬಿನ ಬಾಟಲಿ ತೊಳೆದಿದ್ದೇನೆ. ಮೊದಲನೆಯದಕ್ಕೆ ಕಾಲೇಜು ಪತ್ರ ಕೊಡುವುದಿಲ್ಲ. ಎರಡನೆಯದಕ್ಕೆ ಕೈ ತೋರಿಸುತ್ತೇನೆ.’

ಕೆಳಗೆ ಕನ್ನಡದಲ್ಲಿ ಸಹಿ ಮಾಡಿದೆ.